ರಕ್ಕಸ ಸುಮ್ಮನಿದ್ದಾಗ ನೋಡಿ

ಮೂಡಲಪಾಯ ಯಕ್ಷಗಾನದ ಆಟಕ್ಕೆ ಬರುವ ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ: ರಕ್ಕಸನ ಅಬ್ಬರವನ್ನು ಮೊಬೈಲಿನಲ್ಲಿ ತುಂಬಿಕೊಂಡು ಎದ್ದು ಹೋಗುವವರು ಆಟ ನೋಡಿದವರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜಾತ್ರೆಗಳಲ್ಲಿ ಈಗ ಇಂಥವರದೇ ದಂಡು. ಪಂಜಿಗೆ ರಾಳ ಎರಚಿದರೆ ಶಿಳ್ಳೆ, ಮಾತು ಶುರುವಾದರೆ ಮಂಡಕ್ಕಿ ಅಂಗಡಿ.

ಭಾಗವತರು, ಮದ್ದಳೆ, ಮುಖವೀಣೆ ಎಲ್ಲ ಕೂತು ಕೇಳಿದರೆ ತಾವೇ ಒಲಿಯುತ್ತವೆ. ನಾನು ಹೇಳಬೇಕಾದದ್ದು ರಕ್ಕಸನ ವೇಷದವನ ಬಗ್ಗೆ. ಎದೆಯಲ್ಲಿ ಉಸಿರಿದ್ದ ಯಾರು ಬೇಕಾದರೂ ಅಬ್ಬರಿಸಬಹುದು. ಅದು ಮುಗಿದು, ಪಾತ್ರಗಳನ್ನು ಮಾತಾಡಿಸುವ ಸಾರಥಿ ಎದುರು ನಿಂತು ‘ತಾವು ಯಾರು’ ಎಂದು ವಿಚಾರಿಸುತ್ತಾನಲ್ಲ, ಆಗ ನೋಡಿ. ಮುಖದ ತುಂಬ ಬಣ್ಣ, ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಮೇಲೊಂದು ಎದೆಕಟ್ಟು. ಕೆನ್ನೆ ಅದುರಿದರೂ ಕಾಣದು. ನಟನ ಪಾಲಿಗೆ ಉಳಿಯುವುದು ಕಣ್ಣು, ಕತ್ತು, ಉಸಿರು. ಒಳ್ಳೆಯ ವೇಷಧಾರಿ ತಟ್ಟನೆ ಉತ್ತರ ಕೊಡುವುದಿಲ್ಲ. ಕತ್ತನ್ನು ಮೆಲ್ಲಗೆ ಹೊರಳಿಸಿ, ಇವನಿಗೆ ಹೇಳಬೇಕೋ ಬೇಡವೋ ಎಂದು ತೂಗುತ್ತಾನೆ. ರಕ್ಕಸನಿಗೂ ಮನಸ್ಸಿದೆ ಎಂಬುದು ಆ ತಡೆಯುವಿಕೆಯಲ್ಲೇ ಹೊರಬೀಳುತ್ತದೆ.

ನನಗೆ ಇದು ಹೊಳೆದದ್ದು ಹುಡುಗನಾಗಿದ್ದಾಗ, ತುರುವೇಕೆರೆ ಕಡೆಯ ಒಂದು ಕಣದಲ್ಲಿ. ಹಗಲೆಲ್ಲ ತೆಂಗಿನಕಾಯಿ ಸುಲಿಯುತ್ತಿದ್ದಾತ ಅಂದು ರಾತ್ರಿ ರಾವಣ. ಇಂದ್ರಜಿತು ಸತ್ತ ಸುದ್ದಿ ಬಂತು. ಅವನು ಕೂಗಲಿಲ್ಲ. ಕತ್ತಿಯನ್ನು ನೆಲಕ್ಕೆ ಊರಿ, ಬಾಯಿ ತೆರೆದು, ಮಾತು ಬಾರದೆ ನಿಂತ. ಭಾಗವತರೂ ತಾಳ ತಡೆದು ಕಾದರು. ಪಕ್ಕದಲ್ಲಿದ್ದ ಅಜ್ಜಿ ‘ಪಾಪ ಕಣಪ್ಪ’ ಅಂದರು, ರಾವಣನಿಗೆ!

ಪಕ್ಕದ ಗುಬ್ಬಿಯ ನಾಟಕ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇಂಥ ಪಾತ್ರಗಳಿಗೇ ಹೆಸರಾದವರು. ಅವರ ಮಗ ರಾಜ್‌ಕುಮಾರ್ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ಜನ ಗರ್ಜನೆಯ ತುಣುಕುಗಳನ್ನಷ್ಟೇ ಹಂಚಿಕೊಳ್ಳುತ್ತಾರೆ. ಪ್ರಹ್ಲಾದನಾದ ಪುನೀತ್ ಮಾತಾಡುವಾಗ ಅಪ್ಪನ ಕಣ್ಣು ನೋಡಿದವರೆಷ್ಟು ಮಂದಿ?

ಟಿವಿ ಧಾರಾವಾಹಿಗಳ ಅನ್ಯಗ್ರಹದವರೂ ಇದೇ ಕುಲದವರು. ಅಮೆರಿಕದ ನಟ ಆಂಡ್ರಿಯಾಸ್ ಕಾಟ್ಸುಲಾಸ್ ‘ಸ್ಟಾರ್ ಟ್ರೆಕ್’ನಲ್ಲಿ ಟೊಮಾಲಕ್, 1993ರಲ್ಲಿ ಶುರುವಾದ ‘ಬ್ಯಾಬಿಲಾನ್ 5’ರಲ್ಲಿ ಜಿಕಾರ್. ಮಹಾಭಾರತವನ್ನು ರಂಗಕ್ಕೆ ತಂದ ಪೀಟರ್ ಬ್ರೂಕ್ ಅವರ ತಂಡದಲ್ಲಿ ಪಳಗಿದವರು. ಜಿಕಾರ್‌ಗೆ ಮುಖದ ಮೇಲೆ ರಬ್ಬರಿನ ಚರ್ಮ, ಕಣ್ಣಿಗೂ ಕೆಂಪು ಲೆನ್ಸು. ಲಿಫ್ಟಿನಲ್ಲಿ ಶತ್ರು ಲೋಂಡೋ ಜೊತೆ ಸಿಕ್ಕಿಬಿದ್ದು, ತಾನು ಸತ್ತರೂ ಸರಿ, ಇವನು ಸಾಯುವುದನ್ನು ನೋಡುತ್ತೇನೆಂದು ಕೂರುವ ದೃಶ್ಯವೊಂದಿದೆ. ಲೋಂಡೋ ಎಷ್ಟು ಗೋಗರೆದರೂ ಜಿಕಾರ್ ಏಳುವುದಿಲ್ಲ, ನಗುತ್ತಾನೆ. ಆ ನಗುವಿನಲ್ಲಿ ಅವನ ಇಡೀ ಜನಾಂಗ ಉಂಡ ನೋವಿದೆ. ಯಂತ್ರದ ಸದ್ದು, ಬೆಳಕಿನ ಬಾಣಗಳಿಗೆ ಬಾಯಿ ಬಿಡುವವರಿಗೆ ಇದು ದಕ್ಕುವುದಿಲ್ಲ.

ಮುಂದಿನ ಜಾತ್ರೆಯ ಆಟಕ್ಕೆ ಬನ್ನಿ, ಮುಂದಿನ ಸಾಲಿನಲ್ಲೇ ಕೂರಿ. ಮೊಬೈಲು ಜೇಬಿನಲ್ಲಿರಲಿ. ಬೆಳಗಿನವರೆಗೂ ಏಳಬೇಡಿ, ರಕ್ಕಸ ಸಾಯುವುದು ಕೊನೆಯಲ್ಲೇ.