ಕಣ್ಣು ತಪ್ಪಿದಾಗ ಕೈ, ಕೈ ತಪ್ಪಿದಾಗ ಲಾರಿ

ದೃಷ್ಟಿಭ್ರಮೆ ಕೆಡಿಸುವುದು ಚಲನೆಯ ಯೋಜನೆಯನ್ನು. ಚಲನೆ ಶುರುವಾದ ಮೇಲಿನ ನಿಯಂತ್ರಣವನ್ನಲ್ಲ. ಮನಶ್ಶಾಸ್ತ್ರಜ್ಞ ಸ್ಕಾಟ್ ಗ್ಲೋವರ್ 2004ರಲ್ಲಿ ವಿಸ್ತಾರವಾಗಿ ಮಂಡಿಸಿದ ವಾದ ಇದು. ಪೀಟರ್ ಡಿಕ್ಸನ್ ಜೊತೆ 2001ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಓರೆಗೆರೆಗಳ ಹಿನ್ನೆಲೆಯ ಮೇಲೆ ಒಂದು ಸಣ್ಣ ಪಟ್ಟಿ ಇತ್ತು. ಗೆರೆಗಳ ದೆಸೆಯಿಂದ ಪಟ್ಟಿ ವಾಲಿದಂತೆ ಕಾಣುತ್ತಿತ್ತು. ಹಿಡಿಯಹೊರಟ ಕೈ ಮೊದಲು ಆ ಸುಳ್ಳು ಓರೆಯನ್ನೇ ನಂಬಿ ತಿರುಗಿತು. ಪಟ್ಟಿ ಹತ್ತಿರವಾದಂತೆ ತಾನೇ ತಿದ್ದಿಕೊಂಡಿತು.

ವಾದ ಅಚ್ಚುಕಟ್ಟಾಗಿದೆ, ಬಹುಶಃ ತುಸು ಹೆಚ್ಚೇ. ಫೋಲ್ಕರ್ ಫ್ರಾಂಜ್ ಮತ್ತು ಸಂಗಡಿಗರು 2005ರಲ್ಲಿ ಗಾತ್ರದ ಭ್ರಮೆಯನ್ನು ಪರೀಕ್ಷಿಸಿದಾಗ ಅದರ ಪ್ರಭಾವ ಚಲನೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಯೋಜನೆ ಎಲ್ಲಿ ಮುಗಿದು ನಿಯಂತ್ರಣ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದೂ ಸುಲಭವಲ್ಲ.

ಪ್ರಯೋಗದ ಮೇಜು ಬಿಟ್ಟು ಪುಣೆಯ ಕಾತ್ರಜ್ ಹೊಸ ಸುರಂಗಕ್ಕೆ ಬಂದರೆ ಈ ವಾದದ ಇನ್ನೊಂದು ಮಿತಿ ಎದುರಾಗುತ್ತದೆ. ಬೆಂಗಳೂರು, ಬೆಳಗಾವಿ ಕಡೆಯಿಂದ ಬರುವ ಲಾರಿಗಳು ಸುರಂಗ ದಾಟಿ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರಿನಲ್ಲಿ ಇಳಿಯಬೇಕು. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದೇ ಅಪಘಾತದಲ್ಲಿ ಸುಮಾರು 48 ವಾಹನಗಳು ಜಖಂಗೊಂಡವು. ಇಂಥ ರಸ್ತೆ ಕಣ್ಣಿಗೆ ಮೋಸ ಮಾಡಬಲ್ಲದು. ಕಡಿದಾದ ಇಳುಕಲಿನ ನಂತರದ ಸಾಧಾರಣ ಇಳುಕಲು ಮಟ್ಟಸವಾಗಿ, ಕೆಲವೊಮ್ಮೆ ಏರಿನಂತೆಯೂ ಕಾಣುತ್ತದೆ ಎಂದು ಪಾವೊಲಾ ಬ್ರೆಸ್ಸನ್ ತಂಡ 2003ರಲ್ಲಿ ಮೇಜಿನ ಮೇಲೆ ಮಾದರಿ ರಸ್ತೆ ಕಟ್ಟಿ ತೋರಿಸಿತು. ಬಹಳ ಹೊತ್ತು ಜೋರಾಗಿ ಓಡಿಸಿದವರಿಗೆ ವೇಗವೂ ಇದ್ದದ್ದಕ್ಕಿಂತ ಕಡಿಮೆ ಅನ್ನಿಸುತ್ತದೆ.

ಇಳಿಜಾರು ಸಾಧಾರಣವೆಂದು ಕಂಡರೆ ಡೀಸೆಲ್ ಉಳಿಸಲು ಗೇರನ್ನು ನ್ಯೂಟ್ರಲ್‌ಗೆ ತಳ್ಳುವ ಆಸೆ ಹುಟ್ಟುತ್ತದೆ. ಇದು ಯೋಜನೆಯ ತಪ್ಪು. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ಚಕ್ರಕ್ಕೆ ಸಿಗದು, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದಷ್ಟೂ ಹಿಡಿಯದು. ಎಂಜಿನ್ನನ್ನೇ ಆರಿಸಿದರೆ ಕಂಪ್ರೆಸರ್ ನಿಂತು, ಏರ್‌ಬ್ರೇಕಿನ ಒಂದೊಂದು ಒತ್ತಿಗೂ ಟ್ಯಾಂಕಿನ ಗಾಳಿ ಕರಗುತ್ತದೆ. ಗ್ಲೋವರ್ ಪ್ರಯೋಗದ ಕೈ ಸೆಕೆಂಡಿನೊಳಗೆ ತಿದ್ದಿಕೊಳ್ಳಬಲ್ಲದು. ಲಾರಿಯ ಚಾಲಕನಿಗೆ ತಪ್ಪು ಗೊತ್ತಾದರೂ ತಿದ್ದುವ ಸಾಧನವೇ ಉಳಿದಿರುವುದಿಲ್ಲ.

ಇಂಥ ಇಳಿಜಾರಿನಲ್ಲಿ ರಸ್ತೆಗೆ ಅಡ್ಡಲಾಗಿ ಹಾಕುವ ಉಬ್ಬು ರಂಬ್ಲರ್ ಪಟ್ಟಿ, ವೇಗಮಿತಿ ಫಲಕಗಳನ್ನು ಈ ದೃಷ್ಟಿಯಿಂದಲೇ ಅಳೆಯಬೇಕು. ಪಟ್ಟಿಗಳ ಗಡಗಡ ಕಾರಿನವರನ್ನು ಎಚ್ಚರಿಸುತ್ತದೆ. ಕಾರಿನ ಬ್ರೇಕಿಗೆ ಆ ಎಚ್ಚರ ಸಾಕು. ತುಂಬಿದ ಲಾರಿಗೆ ಇಳಿಜಾರಿನ ನಡುವೆ ಸಿಕ್ಕ ಎಚ್ಚರಿಕೆ ತಡವಾದದ್ದು. ಅದಕ್ಕೆ ಬೇಕಾದದ್ದು ಇಳುಕಲು ಆರಂಭವಾಗುವ ಮುನ್ನವೇ ಕೆಳಗಿನ ಗೇರಿಗೆ ಇಳಿಸುವಂತೆ ಮಾಡುವ ಕಡ್ಡಾಯ ತಪಾಸಣೆ.