ಕಲ್ಲಿನ ರಥದ ಶಿಖರ: ಹಂಪೆಯ ಹಳೆಯ ನಕ್ಷೆ, ಛಾಯಾಚಿತ್ರಗಳ ಒಂದು ಪರಾಮರ್ಶೆ

ಹಂಪೆಯ ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಣ್ಣಾರೆ ಕಾಣದ ಕನ್ನಡಿಗರು ಇರಬಹುದು. ಅದರ ಚಿತ್ರವನ್ನು ಕಾಣದವರು ಇರಲಾರರು. ಗೋಡೆಯ ಪಂಚಾಂಗದಲ್ಲಿ, ಪಾಠಪುಸ್ತಕದಲ್ಲಿ, ಶಾಲೆಯ ಪಡಸಾಲೆಯಲ್ಲಿ ಅದು ನಮಗೆ ಬಾಲ್ಯದಿಂದಲೂ ಪರಿಚಿತವಾದುದು. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾದ ಮೇಲಂತೂ ಅದು ದೇಶದ ಎಲ್ಲ ಸಂತೆಗಳಲ್ಲಿಯೂ ಕೈಯಿಂದ ಕೈಗೆ ಹೋಗುತ್ತಿದೆ. ಈ ಎಲ್ಲ ಚಿತ್ರಗಳಲ್ಲಿಯೂ ರಥದ ನೆತ್ತಿ ಚಪ್ಪಟೆಯಾಗಿದೆ. ಅದನ್ನು ಹಾಗೆಯೇ ಕಟ್ಟಿದ್ದರೆಂದು ನಾವು ನಂಬಿದ್ದೆವು. ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟೆವು.

ಆದರೆ 1856ರಲ್ಲಿ ಮದ್ರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ನಿಂತಿದೆ. ಶಿಥಿಲವಾಗಿದ್ದರೂ ಅದು ಶಿಖರವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಂದಮೇಲೆ ನಾವು ಇದುವರೆಗೆ ಪೂರ್ಣಕೃತಿಯೆಂದು ಕೊಂಡಾಡಿದುದು ಉಳಿದ ಭಾಗವನ್ನು ಮಾತ್ರ. ಗರುಡನಿಗೆಂದು ರಥದ ಆಕಾರದಲ್ಲಿ ಕಟ್ಟಿದ ಗುಡಿ ಅದು. ಗುಡಿಗೆ ಶಿಖರವಿರುವುದು ಸಹಜವೆಂಬ ಸರಳ ವಿಚಾರವೂ ನಮಗೆ ಹೊಳೆಯದೆ ಹೋಯಿತು. ಕಣ್ಣಿಗೆ ರೂಢಿಯಾದ ಚಿತ್ರ ಬುದ್ಧಿಗೆ ಕದ ಹಾಕುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಳೆಯ ಕಟ್ಟಡಗಳ ನಕ್ಷೆ ಮತ್ತು ಛಾಯಾಚಿತ್ರಗಳನ್ನು ನಾವು ಸಾಮಾನ್ಯವಾಗಿ ಗ್ರಂಥಕ್ಕೆ ಅಲಂಕಾರವೆಂದು ಎಣಿಸುತ್ತೇವೆ. ಶಾಸನವನ್ನು ಓದುವಾಗ ಅಕ್ಷರ ಅಕ್ಷರಕ್ಕೂ ನಿಲ್ಲುವ ಸಂಶೋಧಕ ಚಿತ್ರವನ್ನು ಮಾತ್ರ ಒಂದೇ ನೋಟದಲ್ಲಿ ದಾಟಿಬಿಡುತ್ತಾನೆ. ನಮ್ಮ ಮತದಲ್ಲಿ ಇದು ದೊಡ್ಡ ಲೋಪ. ಚಿತ್ರವೂ ಶಾಸನದಂತೆ ಒಂದು ಸಾಕ್ಷ್ಯ. ಅದಕ್ಕೂ ಕರ್ತೃ ಇದ್ದಾನೆ, ಕಾಲವಿದೆ, ಉದ್ದೇಶವಿದೆ. ಅದರಲ್ಲಿಯೂ ಅಳಿದ ಅಕ್ಷರಗಳಿವೆ. ಯಾವ ಸಾಕ್ಷಿಯನ್ನೂ ಪಾಟೀಸವಾಲಿಗೆ ಗುರಿಮಾಡದೆ ಒಪ್ಪಬಾರದಷ್ಟೆ. ಹಂಪೆಯನ್ನು ಕುರಿತ ಮೂರು ಕಾಲದ ಚಿತ್ರಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಕಾಲಿನ್ ಮೆಕೆಂಜಿಯ ಕೆಲಸ. ಹಂಪೆಯ ಅವಶೇಷಗಳನ್ನು ಅಳತೆಯಿಟ್ಟು ನಕ್ಷೆಯಾಗಿ ಬರೆದವರಲ್ಲಿ ಅವನು ಮೊದಲಿಗ, ಕಾಲ 1799. ಅದೇ ವರ್ಷ ಶ್ರೀರಂಗಪಟ್ಟಣ ಬಿದ್ದಿತ್ತು. ಗೆದ್ದ ನಾಡನ್ನು ಅಳೆದು ನೋಡುವ ಆತುರ ಕಂಪನಿ ಸರ್ಕಾರಕ್ಕೆ ಇತ್ತು. ಮೆಕೆಂಜಿಯಾದರೋ ಬರಿಯ ಮೋಜಣಿದಾರನಾಗಿ ಉಳಿಯಲಿಲ್ಲ. ಕೈಫಿಯತ್ತು, ಶಾಸನದ ಪ್ರತಿ, ನಾಣ್ಯ, ಚಿತ್ರ ಎಲ್ಲವನ್ನೂ ಕೂಡಿಹಾಕಿದ. ಅವನು 1821ರಲ್ಲಿ ತೀರಿಕೊಂಡ ಬಳಿಕ ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,076 ಶಾಸನಗಳೂ 79 ನಕ್ಷೆಗಳೂ 2,630 ಚಿತ್ರಗಳೂ ಲೆಕ್ಕಕ್ಕೆ ಬಂದಿವೆ. ಇಂದು ಈ ಸಂಗ್ರಹ ಒಂದೆಡೆ ಇಲ್ಲ. ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೈಫಿಯತ್ತುಗಳ ಬಹುಭಾಗ ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ. ಒಂದು ಊರಿನ ಚಿತ್ರ ಸಮುದ್ರದ ಆಚೆಗೆ, ಆ ಊರಿನವರು ಹೇಳಿದ ಕಥೆ ಈಚೆಗೆ! ಎರಡನ್ನೂ ಜೊತೆಗಿಟ್ಟು ಓದಿದವರು ವಿರಳ.

ಮೆಕೆಂಜಿಗೆ ನಮ್ಮ ಭಾಷೆಗಳು ಬಾರವು. ಅದನ್ನು ಅವನೇ ಮರೆಮಾಚದೆ ಒಪ್ಪಿಕೊಂಡಿದ್ದಾನೆ. ಅವನಿಗೆ ಕಣ್ಣೂ ಕಿವಿಯೂ ಆದವರು ಈ ನಾಡಿನವರೇ. ಕಾವಲಿ ವೆಂಕಟ ಬೊರ್ರಯ್ಯನೂ ಅವನ ಸೋದರರೂ ತೆಲುಗು ನಾಡಿನವರು. ಹಳಗನ್ನಡ ಶಾಸನಗಳನ್ನು ಓದಿ ತಿಳಿಸಿದ ಧರ್ಮಯ್ಯ ಮಲೆಯೂರಿನ ಜೈನ ಪಂಡಿತ. ಇವರ ಹೆಸರುಗಳು ಹೇಗೋ ಉಳಿದುವು. ಆದರೆ ಅಳತೆಯ ಸರಪಣಿ ಹಿಡಿದವರು, ಮಸಿ ಬಣ್ಣಗಳಲ್ಲಿ ಕಂಬದ ಬೋದಿಗೆಯನ್ನು ಕಾಗದಕ್ಕಿಳಿಸಿದವರು, ಇವರಲ್ಲಿ ಬಹು ಮಂದಿಯ ಹೆಸರು ಚಿತ್ರದ ಅಂಚಿನಲ್ಲಿ ಕಾಣುವುದಿಲ್ಲ. ಬಿಜಾಪುರದ ಕಟ್ಟಡಗಳ ನಕ್ಷೆಗಳನ್ನು ಫರ್ಗ್ಯೂಸನ್ 1859ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದಾಗಲೂ ಇದೇ ಕಥೆ: ಹಾರ್ಟ್ ಮತ್ತು ಕಮ್ಮಿಂಗ್ ಎಂಬ ಇಬ್ಬರ ಹೆಸರು ಮುಖಪುಟದಲ್ಲಿ ಬಂದಿತು, ಉಳಿದವರೆಲ್ಲ 'ದೇಶೀಯ ನಕ್ಷೆಗಾರರು' ಎಂಬ ಒಂದೇ ಮಾತಿನಲ್ಲಿ ಅಡಗಿಹೋದರು. ಗೋಲಗುಮ್ಮಟದ ಕಮಾನಿನ ಓಟವನ್ನು ತಪ್ಪದೆ ಎಳೆದ ಕೈ ಯಾರದೋ ನಾವು ಅರಿಯೆವು. ಈ ಚಿತ್ರಗಳನ್ನು 'ಪಾಶ್ಚಾತ್ಯರ ಕೆಲಸ' ಎಂದು ಸಲೀಸಾಗಿ ಹೇಳುವ ವಾಡಿಕೆಯನ್ನು ನಾವು ಬಿಡಬೇಕು. ಅದರಲ್ಲಿ ಅರ್ಧ ಋಣ ನಮ್ಮವರಿಗೇ ಸಲ್ಲಬೇಕಾದುದು.

ಇನ್ನು ಗ್ರೀನ್‌ಲಾನ ಛಾಯಾಚಿತ್ರಗಳು. ಗಾಜಿನ ಫಲಕವನ್ನಲ್ಲ, ಕಾಗದವನ್ನೇ ಬೆಳಕಿಗೆ ಒಡ್ಡಿ, ಮೇಣ ಹಿಡಿಸಿ ಪಾರಕವಾಗಿ ಮಾಡಿದ ನೆಗೆಟಿವ್‌ಗಳು ಅವು. ಒಂದೊಂದರ ಉದ್ದಗಲವೂ ಒಂದು ಅಡಿಗೆ ಮೀರಿದುದು. ಹಂಪೆಯ ಬಿಸಿಲಿನಲ್ಲಿ, ಬಂಡೆಗಳ ನಡುವೆ, ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೋಗಿ, ಅಲ್ಲಿಯೇ ಔಷಧಿಗಳನ್ನು ಬೆರೆಸಿ ಸಾಧಿಸಿದ ಕೆಲಸ. ಆ ಶ್ರಮಕ್ಕೆ ತಕ್ಕ ಫಲವೂ ದೊರೆತಿದೆ. ಕಲ್ಲಿನ ಮೈಯ ಒರಟುತನ, ಗಾರೆ ಉದುರಿದ ಎಡೆ, ಸಂದಿನಲ್ಲಿ ಮೊಳೆತ ಗಿಡ, ಯಾವುದನ್ನೂ ಇದು ಬಿಡುವುದಿಲ್ಲ. ನಕ್ಷೆಗಾರ ತನಗೆ ಬೇಡವೆನಿಸಿದ ಗಿಡವನ್ನು ಅಳಿಸಬಲ್ಲ, ಮುರಿದ ಅಂಚನ್ನು ಪೂರ್ತಿಮಾಡಬಲ್ಲ. ಛಾಯಾಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ರಥದ ಶಿಖರ ನಮ್ಮ ಪಾಲಿಗೆ ಉಳಿದುದು ಈ ನಿರ್ದಾಕ್ಷಿಣ್ಯದಿಂದಲೇ. ಅಂದಿನ ರಸಿಕರ ಕಣ್ಣಿಗೆ ಕಲ್ಲಿನ ಮೇಲಿನ ಆ ಇಟ್ಟಿಗೆಯ ರಾಶಿ ಅಂದವೆನಿಸಿರಲಾರದು. ಮುಂದೆ ಅದು ಇಲ್ಲವಾಯಿತು, ಚಿತ್ರದಲ್ಲಿ ಉಳಿಯಿತು.

ಹಾಗೆಂದು ಛಾಯಾಚಿತ್ರ ಸತ್ಯವಾಕ್ಯವೆಂದು ತಲೆಬಾಗಬೇಕಾಗಿಲ್ಲ. ಆ ಕಾಲದ ಕಾಗದ ಬೆಳಕನ್ನು ಹೀರಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಅಲುಗದೆ ನಿಂತುದು ಮೂಡುತ್ತಿತ್ತು, ಚಲಿಸಿದುದು ಮಾಯವಾಗುತ್ತಿತ್ತು. ದಾರಿಯಲ್ಲಿ ನಡೆದವರು, ಮೇಯುತ್ತಿದ್ದ ದನ, ಅಲೆಯುವ ಎಲೆ, ಇವುಗಳಿಗೆ ಆ ಕಾಗದದಲ್ಲಿ ತಾಣವಿಲ್ಲ. ಆಕಾಶವೂ ಮೋಡವಿಲ್ಲದೆ ಬರಿದು. ಹೀಗೆ ಮೂಡಿದ ಹಂಪೆ ನಿರ್ಜನ, ನಿಶ್ಶಬ್ದ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಆಗಲೂ ನಡೆಯುತ್ತಿತ್ತು, ತೇರು ಎಳೆಯುತ್ತಿದ್ದರು, ಸುತ್ತಲಿನ ಗದ್ದೆಗಳಿಗೆ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳೇ ನೀರುಣಿಸುತ್ತಿದ್ದುವು. 'ಹಾಳು ಹಂಪೆ' ಎಂಬ ಮಾತು ನಮ್ಮ ಭಾಷಣಗಳಲ್ಲಿ, ಗೀತಗಳಲ್ಲಿ ಎಷ್ಟು ಬೇರೂರಿದೆ! ಆಲೂರು ವೆಂಕಟರಾಯರು 1905ರಲ್ಲಿ ಹಂಪೆಯನ್ನು ಕಂಡು ಪಡೆದ ಸ್ಫೂರ್ತಿಯಿಂದ ಮೊದಲುಗೊಂಡು 1936ರ ವಿಜಯನಗರ ಷಟ್‌ಶತಮಾನೋತ್ಸವದವರೆಗೆ ಆ ಹಾಳಿನ ದರ್ಶನ ನಾಡನ್ನು ಎಚ್ಚರಿಸಿತೆಂಬುದು ನಿಜ. ಆ ಉಪಕಾರವನ್ನು ನಾವು ಮರೆಯಲಾರೆವು. ಆದರೆ ಚಿತ್ರದಲ್ಲಿ ಕಾಣುವ ನಿರ್ಜನತೆಯಲ್ಲಿ ಇತಿಹಾಸದ ಪಾಲು ಎಷ್ಟು, ಕಾಗದದ ಪಾಲು ಎಷ್ಟು ಎಂದು ವಿಂಗಡಿಸುವುದು ವಿಮರ್ಶಕನ ಹೊಣೆ.

ಛಾಯಾಚಿತ್ರಕ್ಕೆ ಇನ್ನೊಂದು ಮಿತಿಯೂ ಇದೆ. ಕಲ್ಲಿನ ರಥ ಏಕಶಿಲೆಯದೆಂದು ಹಲವರು ಹೇಳುತ್ತ ಬಂದಿದ್ದಾರೆ. ಅದು ಹಲವು ಕಣಶಿಲೆಗಳನ್ನು ಜೋಡಿಸಿ ಮಾಡಿದುದು. ಕೆತ್ತನೆಯ ನಡುವೆ ಸಂದುಗಳನ್ನು ಜಾಣತನದಿಂದ ಅಡಗಿಸಲಾಗಿದೆ. ಕೆತ್ತನೆಯ ನೆರಳಿನಲ್ಲಿ ಛಾಯಾಯಂತ್ರವೂ ಈ ಸಂದನ್ನು ಕಾಣದೆ ಹೋಗುತ್ತದೆ. ಅಳತೆಗೋಲು ಹಿಡಿದು ಕಲ್ಲು ಕಲ್ಲನ್ನೂ ಮುಟ್ಟುತ್ತ ಬರುವ ನಕ್ಷೆಗಾರನಾದರೋ ಸಂದಿನಲ್ಲಿ ನಿಲ್ಲಲೇಬೇಕು, ಗೆರೆ ಎಳೆಯಲೇಬೇಕು. ರಥವನ್ನು ಎಳೆಯುವಂತೆ ನಿಂತ ಆನೆಗಳ ಹಿಂದೆ ಕುದುರೆಗಳ ಹಿಂಗಾಲು ಬಾಲಗಳ ಗುರುತು ಉಳಿದಿರುವುದೂ ಹತ್ತಿರ ಹೋದವನಿಗೇ ತಿಳಿಯತಕ್ಕ ಸಂಗತಿ. ಆನೆಗಳು ಆಮೇಲೆ ಬಂದವು. ಆದುದರಿಂದ ಛಾಯಾಚಿತ್ರ ಬಂದಮೇಲೆ ನಕ್ಷೆ ಬೇಕಿಲ್ಲವೆಂಬ ವಾದ ನಿಲ್ಲುವುದಿಲ್ಲ. ನಕ್ಷೆ ಕಟ್ಟಡದ ವ್ಯಾಕರಣ. ಛಾಯಾಚಿತ್ರ ಅದರ ಒಂದು ದಿನದ ಮಾತು. ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ 1980ರ ದಶಕದಲ್ಲಿ ವಾಸ್ತುವಿದ್ಯೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಂಪೆಯ ಕಟ್ಟಡಗಳನ್ನು ಒಂದೊಂದಾಗಿ ಅಳೆದುದು ಈ ಕಾರಣದಿಂದಲೇ ಸಾರ್ಥಕವಾದ ಕಾರ್ಯ.

ಅದೇ ದಶಕದಲ್ಲಿ, 1983ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಮತ್ತೊಂದು ಸಾಹಸ ಮಾಡಿದರು. ಗ್ರೀನ್‌ಲಾ ಎಲ್ಲೆಲ್ಲಿ ನಿಂತು ಚಿತ್ರ ತೆಗೆದಿದ್ದನೋ ಆ ಎಡೆಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ಗ್ರೀನ್‌ಲಾನ ಮೂಲ ನೆಗೆಟಿವ್‌ಗಳು ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. 1856 ಮತ್ತು 1983ರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ 127 ವರ್ಷಗಳ ಅಂತರ ಒಂದೇ ನೋಟಕ್ಕೆ ಎಟುಕುತ್ತದೆ. ಬೋಧನೆಗೆ ಇದಕ್ಕಿಂತ ಒಳ್ಳೆಯ ಸಾಧನ ದೊರೆಯದು. ಆದರೆ ಈ ಜೋಡಿಚಿತ್ರಗಳಲ್ಲಿಯೂ ಕೊರತೆಗಳಿವೆ. ಗ್ರೀನ್‌ಲಾ ನೋಡದೆ ಬಿಟ್ಟುದನ್ನು ಈ ವಿಧಾನವೂ ಬಿಡಲೇಬೇಕು. ಅವನ ಅಭಿರುಚಿಯೇ ಎರಡನೆಯವರಿಗೂ ಎಲ್ಲೆಯಾಗುತ್ತದೆ. ಮೇಲಾಗಿ, ಮೊದಲನೆಯ ಚಿತ್ರದಲ್ಲಿ ಶಿಖರ ಇದೆ, ಎರಡನೆಯದರಲ್ಲಿ ಇಲ್ಲ. ಇಷ್ಟನ್ನು ಹೇಳಿ ಜೋಡಿಚಿತ್ರ ಸುಮ್ಮನಾಗುತ್ತದೆ. ಯಾವಾಗ ಹೋಯಿತು, ಬಿದ್ದುಹೋಯಿತೋ ಕೆಡವಿದರೋ, ಏತಕ್ಕೆ, ಯಾರ ಅಪ್ಪಣೆಯಿಂದ, ಇದಕ್ಕೆ ಉತ್ತರವನ್ನು ನಡುವಣ ವರ್ಷಗಳ ಚಿತ್ರಗಳಲ್ಲಿಯೂ ಮರಾಮತ್ತಿನ ಕಡತಗಳಲ್ಲಿಯೂ ಅರಸಬೇಕು. ಚಿತ್ರ ಪ್ರಶ್ನೆಯನ್ನು ಎತ್ತುತ್ತದೆ. ಉತ್ತರಕ್ಕೆ ಕಾಗದಪತ್ರ ಬೇಕು.

ಇದನ್ನು ಕೇಳಿದವರು, ಹಾಗಾದರೆ ಆ ಶಿಖರವನ್ನು ಮತ್ತೆ ಕಟ್ಟಬಾರದೆ ಎಂದು ಆಸೆಪಡುವುದು ಸಹಜ. ನಾವು ಅದನ್ನು ಒಪ್ಪುವುದಿಲ್ಲ. ಶಿಥಿಲಾವಸ್ಥೆಯ ಚಿತ್ರವನ್ನು ನೋಡಿ ಹೊಸ ಶಿಖರ ಕಟ್ಟಿದರೆ ಅದು ನಮ್ಮ ಕಾಲದ ಊಹೆಯಾದೀತೇ ಹೊರತು ವಿಜಯನಗರದ ಶಿಲ್ಪವಾಗದು. ಆದರೆ ಪಾಠದಲ್ಲಿ ಒಂದು ವಾಕ್ಯ ಸೇರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ: 'ಈ ರಥದ ಮೇಲೆ ಇಟ್ಟಿಗೆಯ ಶಿಖರವಿದ್ದಿತು, 1856ರ ಛಾಯಾಚಿತ್ರದಲ್ಲಿ ಅದನ್ನು ಕಾಣಬಹುದು.' ಇಷ್ಟು ಹೇಳಿದರೆ ಮಗು ಮುಂದಿನ ಪ್ರಶ್ನೆಯನ್ನು ತಾನೇ ಕೇಳುತ್ತದೆ.

ಗಡಿನಾಡಿನ ಅಧ್ಯಾಪಕರಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯಿದೆಯೆಂದು ನಾವು ಭಾವಿಸುತ್ತೇವೆ. ಇಂಥ ಸಂಗ್ರಹಗಳ ಪಟ್ಟಿಗಳು ಭಾಷೆಯನ್ನು ನೋಡಿ ಸಿದ್ಧವಾದುವಲ್ಲ. ಅಂದಿನ ಪ್ರಾಂತ, ಅಂದಿನ ಜಿಲ್ಲೆಗಳನ್ನು ಅನುಸರಿಸಿದುವು. ಹಂಪೆಯೇ ಆಗ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರಿಗೆ ಬಂದಿತು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಅದೇ 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. ಆದುದರಿಂದ ರಾಯದುರ್ಗದ ಹಳೆಯ ಗುಡಿಯ ಚಿತ್ರವನ್ನು ಅನಂತಪುರದ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಬಿಡಬಾರದು. ಬಳ್ಳಾರಿಯ ಕಟ್ಟನ್ನು ಬಿಚ್ಚಿಸಿ ನೋಡಬೇಕು. ಕಾಸರಗೋಡಿನವರು ದಕ್ಷಿಣ ಕನ್ನಡದಲ್ಲಿ, ವಯನಾಡಿನವರು ಮಲಬಾರಿನಲ್ಲಿ, ಹೊಸೂರಿನವರು ಸೇಲಂನಲ್ಲಿ, ತಾಳವಾಡಿಯವರು ಕೊಯಮತ್ತೂರಿನಲ್ಲಿ, ಜತ್ತ ಅಕ್ಕಲಕೋಟೆಗಳವರು ಸಂಸ್ಥಾನಗಳ ದಫ್ತರದಲ್ಲಿ ಅರಸಬೇಕು. ಗಡಿಗೆರೆ ಸರಿದಾಗ ಊರು ಅಲ್ಲಿಯೇ ಉಳಿಯಿತು. ಅದರ ಚಿತ್ರ ಮಾತ್ರ ಹಳೆಯ ವಿಳಾಸದಲ್ಲಿ ನಿಂತುಬಿಟ್ಟಿತು.

ದೂರದ ಸಂಗ್ರಹಗಳ ಮಾತು ಇರಲಿ. ನಮ್ಮ ಮನೆಗಳಲ್ಲಿ ಏನಿದೆ? ಹಂಪೆಗೆ ಪ್ರವಾಸ ಕರೆದೊಯ್ದು, ವಿರೂಪಾಕ್ಷ ಬೀದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸದ ಶಾಲೆ ವಿರಳ. ಆ ಬೀದಿಯ ಸಾಲುಮಂಟಪಗಳಲ್ಲಿ ಆಗ ಅಂಗಡಿಗಳಿದ್ದುವು, ಸಂಸಾರಗಳಿದ್ದುವು. 2011ರ ಜುಲೈ ತಿಂಗಳಲ್ಲಿ ಅವನ್ನೆಲ್ಲ ತೆರವು ಮಾಡಲಾಯಿತು. ಆ ಮುನ್ನ ತೆಗೆದ ಫೋಟೋಗಳಲ್ಲಿ ಮಕ್ಕಳ ಹಿಂದೆ ಮಬ್ಬಾಗಿ ಕಾಣುವ ಅಂಗಡಿಯ ತಟ್ಟಿ, ಬಾಗಿಲಲ್ಲಿ ನಿಂತ ಹೆಂಗಸು, ಮಂಟಪದ ಕಂಬಕ್ಕೆ ಕಟ್ಟಿದ ಹಗ್ಗ, ಇವೆಲ್ಲ ಇಂದು ಗ್ರೀನ್‌ಲಾನ ಶಿಖರದಂತೆಯೇ ಚಿತ್ರದಲ್ಲಿ ಮಾತ್ರ ಉಳಿದಿವೆ. ಅವನ ಕಾಗದದಲ್ಲಿ ಮೂಡದೆ ಹೋದ ಜನ ನಮ್ಮ ಫೋಟೋಗಳಲ್ಲಿ ಮೂಡಿದ್ದಾರೆ. ಆ ಫೋಟೋಗಳನ್ನು ಗೆದ್ದಲಿಗೆ ಬಿಡಬಾರದು. ಪ್ರತಿಯೊಂದರ ಬೆನ್ನಿಗೂ ಯಾವ ವರ್ಷ, ಯಾವ ಎಡೆ, ಯಾವ ದಿಕ್ಕಿಗೆ ಮುಖಮಾಡಿ ತೆಗೆದುದು, ತೆಗೆದವರು ಯಾರು ಎಂಬ ನಾಲ್ಕು ಮಾತುಗಳನ್ನು ಪೆನ್ಸಿಲಿನಲ್ಲಿ ಹಗುರವಾಗಿ ಬರೆದಿಡಬೇಕು. 'ದೇಶೀಯ ನಕ್ಷೆಗಾರರು' ಎಂಬ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ಅಡಗಿಹೋದ ಪಾಡು ನಮ್ಮ ಊರಿನ ಛಾಯಾಗ್ರಾಹಕನಿಗೂ ಬರಬಾರದು.