ಹೆಸರಿಲ್ಲದ ಚೀಟಿಗಳ ಚಳಿಗಾಲ

1946ರ ನವೆಂಬರಿನಲ್ಲಿ ಕುವಾಬಾರಾ ತಾಕೆಯೊ ಎಂಬ ಫ್ರೆಂಚ್ ಸಾಹಿತ್ಯದ ವಿದ್ವಾಂಸರು 'ಸೆಕಾಯ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದು ಜಪಾನಿನ ಹಾಯ್ಕು ಲೋಕದ ನಿದ್ದೆಗೆಡಿಸಿದರು. ಹೆಸರಾಂತ ಕವಿಗಳ 10 ಹಾಯ್ಕು, ಹವ್ಯಾಸಿಗಳ 5 ಹಾಯ್ಕು ತೆಗೆದುಕೊಂಡು, ಹೆಸರು ಅಳಿಸಿ, ಕಲಸಿಟ್ಟು, ಯಾವುದು ಯಾರದ್ದು ಹೇಳಿ ನೋಡೋಣ ಎಂದರು. ಗುರುವಿನದಕ್ಕೂ ನಿನ್ನೆ ಮೊನ್ನೆ ಕಲಿತವನದಕ್ಕೂ ಭೇದ ಕಾಣದ ಪ್ರಕಾರವನ್ನು ಕಲೆ ಎನ್ನುವುದು ಹೇಗೆ? ಬೇಕಾದರೆ 'ಎರಡನೆಯ ಕಲೆ' ಎಂದುಕೊಳ್ಳಿ ಎಂಬುದು ಅವರ ತೀರ್ಪು. ಹಾಯ್ಕು ಲೋಕದ ಹಿರಿಯಜ್ಜ ತಾಕಾಹಾಮಾ ಕ್ಯೋಶಿ ಮಾತ್ರ, ನಾವು ಶುರು ಮಾಡಿದಾಗ ಇದು ಇನ್ನೂ ಎಷ್ಟೋ ಕೆಳಗಿತ್ತು, ಈಗ ಎರಡಕ್ಕೆ ಏರಿತಲ್ಲ ಎಂಬರ್ಥದ ಮಾತಾಡಿ ನಕ್ಕರಂತೆ.

ಕುವಾಬಾರಾ ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧ ಯಾವುದು ಎಂದು ತಿಳಿಯಲು ಹವ್ಯಾಸಿಗಳ ಚಳಿಗಾಲದ ಹಾಯ್ಕುಗಳನ್ನು ಓದಬೇಕು. ಉಳಿದ ಋತುಗಳಲ್ಲಿ ಹೂವು, ಹಕ್ಕಿ, ಹುಣ್ಣಿಮೆ ಎಂದು ಒಂದಲ್ಲ ಒಂದು ಆಸರೆ ಸಿಗುತ್ತದೆ. ಚಳಿಗಾಲ ಎಲ್ಲವನ್ನೂ ಗುಡಿಸಿ ಒಯ್ದಿರುತ್ತದೆ. ಬರೆಯುವವನ ಬಂಡವಾಳ ಆಗ ಬಯಲಾಗುತ್ತದೆ.

ಹಾಯ್ಕುವಿಗೆ ಋತುವಿನ ಪದವೊಂದು ಬೇಕು. ಅಂಥ ಪದಗಳನ್ನು ಸೇರಿಸಿಟ್ಟ ಕೋಶಕ್ಕೆ ಸಾಯ್‌ಜಿಕಿ ಎನ್ನುತ್ತಾರೆ. ಅದರ ಲೆಕ್ಕದಲ್ಲಿ ಚಳಿಗಾಲ ನವೆಂಬರ್ 7ರ ಆಸುಪಾಸು ಹುಟ್ಟಿ ಫೆಬ್ರವರಿ ಮೊದಲ ವಾರದಲ್ಲಿ ತೀರುತ್ತದೆ. ಹೊಸ ವರ್ಷಕ್ಕೆ ಪ್ರತ್ಯೇಕ ಅಧ್ಯಾಯ. ಹಿಮ, ಎಲೆಯುದುರಿಸುವ ಗಾಳಿ ಅಲ್ಲಿರುವುದು ಸಹಜವೇ. ಆದರೆ ಮೂಲಂಗಿ, ನೆಗಡಿ, ಸ್ವೆಟರು, ಬಾಯಿಂದ ಹೊರಡುವ ಬಿಳಿ ಉಸಿರು, ಸತ್ತಂತೆ ಕೂತ ನೊಣ, ಮೂಗಿಗೆ ಕಟ್ಟುವ ಮಾಸ್ಕ್ ಕೂಡ ಅಲ್ಲಿವೆ. (2020ರ ನಂತರ ಮಾಸ್ಕ್ ಹನ್ನೆರಡೂ ತಿಂಗಳ ಉಡುಪಾಗಿ, ಪಾಪ, ಆ ಪದ ತನ್ನ ಋತುವನ್ನೇ ಕಳೆದುಕೊಂಡಿತು.) ಚಳಿಗಾಲದ ಮೊದಲ ತುಂತುರು ಮಳೆ 'ಶಿಗುರೆ'ಯನ್ನೇ ನೋಡಿ. 1694ರಲ್ಲಿ ಹಾಯ್ಕುವಿನ ಮಹಾಕವಿ ಬಾಶೋ ತೀರಿಕೊಂಡದ್ದು ಆ ಮಳೆಯ ಕಾಲದಲ್ಲಿ, ಅವನ ಪುಣ್ಯತಿಥಿಗೂ ಅದರದೇ ಹೆಸರು. ಇವತ್ತು ಒಬ್ಬ ಬ್ಯಾಂಕ್ ಗುಮಾಸ್ತ ತನ್ನ ಹಾಯ್ಕುವಿನಲ್ಲಿ ಶಿಗುರೆ ಎಂದರೆ ಸಾಕು, ಮುನ್ನೂರು ವರ್ಷದ ಭಾರ ಬಿಟ್ಟಿಯಾಗಿ ಅವನ ಪಾಲಿಗೆ ಬರುತ್ತದೆ. ಯಾರ ಹಾಯ್ಕುವೂ ತೀರಾ ಕೆಟ್ಟದಾಗಿ ಕಾಣದಿರುವುದಕ್ಕೆ ಇದೇ ಕಾರಣ. ಕುವಾಬಾರಾ ಹಿಡಿದದ್ದು ಇದನ್ನೇ.

ಹವ್ಯಾಸಿ ಎಡವುವುದೂ ಇಲ್ಲೇ. ಪದ ಆಗಲೇ ಹೇಳಿ ಮುಗಿಸಿದ್ದನ್ನು ಅವನು ಮತ್ತೊಮ್ಮೆ ಹೇಳುತ್ತಾನೆ. ಇನ್ನೊಬ್ಬರ ಮೇಲೆ ಕಲ್ಲು ಎಸೆಯುವುದು ಬೇಡ. ಆ ಜಾತಿಯ ಒಂದನ್ನು ನಾನೇ ಕಟ್ಟುತ್ತೇನೆ:

ಸುರಿವ ಹಿಮ
ಒಂಟಿ ಮನದೊಳಗೆ
ಮೌನದ ಹಾಡು

ಐದು-ಏಳು-ಐದು ಅಕ್ಷರಗಳ ಲೆಕ್ಕ ಸರಿಯಾಗಿದೆ, ಓದಲು ಹಿತವಾಗಿಯೂ ಇದೆ. ಆದರೆ ಹಿಮ ಎಂದಾಗಲೇ ಮೌನ ಬಂದಿತ್ತು, ಒಂಟಿತನವೂ ಬಂದಿತ್ತು. ಉಳಿದೆರಡು ಸಾಲು ಅದರ ಟೀಕೆ, ತಾತ್ಪರ್ಯ. ಅದೇ ಮೊದಲ ಸಾಲಿಟ್ಟುಕೊಂಡು ಇನ್ನೊಂದು:

ಸುರಿವ ಹಿಮ
ಡಾಕ್ಟರ ಬಾಗಿಲಲ್ಲಿ
ಎರಡೇ ಕೊಡೆ

ಇದು ದೊಡ್ಡ ಕವಿತೆಯೇನಲ್ಲ. ಆದರೆ ಓದುವವನಿಗೆ ಇಲ್ಲಿ ಮಾಡಲು ಕೆಲಸವಿದೆ. ಒಂದು ಕೊಡೆ ಡಾಕ್ಟರದ್ದೇ ಇರಬಹುದು, ಹಾಗಾದರೆ ಒಳಗಿರುವುದು ಒಬ್ಬನೇ ರೋಗಿ. ಅಥವಾ ಗಂಡ ಹೆಂಡತಿ ಬಂದಿದ್ದಾರೆ, ಕಾಯಿಲೆ ಇಬ್ಬರಲ್ಲಿ ಯಾರಿಗೋ. ಆ 'ಏ' ಎಂಬ ಒಂದು ಒತ್ತಿನಲ್ಲಿ, ಹಿಮ ಬಿದ್ದ ಊರಿನಲ್ಲಿ ಬರಬೇಕಾದವರು ಬಂದಿಲ್ಲ ಎಂಬುದೂ ಸೇರಿದೆ. ಒಂಟಿತನ ಎಂಬ ಮಾತು ಎಲ್ಲೂ ಇಲ್ಲ.

ಜಪಾನಿನ ಹವ್ಯಾಸಿಗಳು ಈ ಭೇದವನ್ನು ಕಲಿಯುವುದು ಕುಕಾಯ್ ಎಂಬ ಕೂಟದಲ್ಲಿ. ಅದರ ಕ್ರಮ ಸೊಗಸಾಗಿದೆ. ಬಂದವರೆಲ್ಲ ಹೆಸರು ಹಾಕದೆ ಸಣ್ಣ ಚೀಟಿಗಳಲ್ಲಿ ಬರೆದು ಕೊಡುತ್ತಾರೆ. ಚೀಟಿಗಳನ್ನು ಕಲಸಿ, ಕೈಬರಹದ ಗುರುತು ಹತ್ತದಂತೆ ಬೇರೆಯವರು ಹಾಳೆಗಳ ಮೇಲೆ ನಕಲು ಮಾಡುತ್ತಾರೆ. ಆ ಹಾಳೆಗಳು ಕೈಯಿಂದ ಕೈಗೆ ಹೋಗುತ್ತವೆ. ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದನ್ನು ಆರಿಸಬೇಕು, ತಮ್ಮದನ್ನು ತಾವೇ ಆರಿಸುವಂತಿಲ್ಲ. ಆಯ್ದದ್ದನ್ನು ಗಟ್ಟಿಯಾಗಿ ಓದಿದಾಗ ಮಾತ್ರ ಬರೆದವರು ತಮ್ಮ ಹೆಸರು ಕೂಗಿ ಹೇಳುತ್ತಾರೆ. ಯಾರೂ ಆರಿಸದ ಚೀಟಿಯ ಒಡೆಯ ಸುಮ್ಮನೆ ಚಹಾ ಕುಡಿದು ಮನೆಗೆ ಹೋಗುತ್ತಾನೆ, ಮಾನ ಉಳಿಯುತ್ತದೆ.

ಹೆಸರು ಅಳಿಸಿ ಓದುವುದನ್ನು ಕುವಾಬಾರಾ ಪತ್ತೇದಾರಿಕೆಯಂತೆ ಬಳಸಿದರು. ಆದರೆ ಈ ಜನ ಅದನ್ನೇ ತಮ್ಮ ಓದಿನ ವಿಧಾನ ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ಇದು ಯಾರದ್ದು ಎಂಬ ಪ್ರಶ್ನೆಯೇ ಕೂಟದಲ್ಲಿ ಏಳುವುದಿಲ್ಲ. ಇದನ್ನು ಏಕೆ ಆರಿಸಿದಿರಿ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಬೇಕಾದವನು ಬರಹಗಾರನಿಗಿಂತ ಮೊದಲು ಒಳ್ಳೆಯ ಓದುಗನಾಗುತ್ತಾನೆ. ಪರೀಕ್ಷೆಗೆ ಒಡ್ಡಬೇಕಾದ್ದು ಈ ಓದನ್ನು. ಕುವಾಬಾರಾ ಒಡ್ಡಿದ್ದು ಸಹಿಯನ್ನು.

ಓದಿ ಆರಿಸುವ ಈ ಕೆಲಸವನ್ನು ಪತ್ರಿಕೆಗಳ ಅಂಕಣಗಳೂ ಮಾಡುತ್ತವೆ. 'ಅಸಾಹಿ' ಪತ್ರಿಕೆಯಲ್ಲಿ ನಾಲ್ವರು ಆಯ್ಕೆಗಾರರು ಓದುಗರ ಹಾಯ್ಕುಗಳಿಂದ ತಮಗೆ ಬೇಕಾದ್ದನ್ನು ಬೇರೆ ಬೇರೆಯಾಗಿ ಆರಿಸುತ್ತಾರೆ, ಒಬ್ಬರ ರುಚಿ ಇನ್ನೊಬ್ಬರದ್ದಲ್ಲ. 1989ರಲ್ಲಿ ಶುರುವಾದ ಇಟೋ ಎನ್ ಚಹಾ ಕಂಪನಿಯ ಸ್ಪರ್ಧೆಯಲ್ಲಿ ಗೆದ್ದ ಹಾಯ್ಕುಗಳು ಬಾಟಲಿಯ ಮೇಲೆ ಅಚ್ಚಾಗುತ್ತವೆ. ಅಲ್ಲಿ ಋತುಪದದ ಕಡ್ಡಾಯವೂ ಇಲ್ಲ. 'ಪುರೆಬಾತೊ' ಎಂಬ ಟೀವಿ ಕಾರ್ಯಕ್ರಮದಲ್ಲಿ ನಾತ್ಸುಯಿ ಇತ್ಸುಕಿ ಎಂಬ ಕವಯಿತ್ರಿ ಹೆಸರಾಂತ ತಾರೆಯರ ಹಾಯ್ಕುಗಳಿಗೆ ಕೆಂಪು ಗೀಟು ಎಳೆಯುತ್ತಾರೆ. ಒಂದು ವಿಭಕ್ತಿ ಬದಲಿಸಿದರೆ ಸತ್ತ ಸಾಲು ಎದ್ದು ಕೂರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಆದರೆ ಪ್ರತಿಭಾವಂತ, ಸಾಧಾರಣ, ಪ್ರತಿಭೆಯಿಲ್ಲದವ ಎಂದು ದರ್ಜೆ ಹಚ್ಚುವುದು ನನಗೆ ಹಿಡಿಸದು. ದರ್ಜೆಯ ಆಸೆಗೆ ಬರೆದ ಹಾಯ್ಕುವಿನಲ್ಲಿ ಚಳಿಗಿಂತ ಚಮತ್ಕಾರ ಹೆಚ್ಚಿರುತ್ತದೆ.

ಹವ್ಯಾಸಿಯ ಕೈಯಲ್ಲಿ ಪಂಡಿತನಿಗಿಲ್ಲದ ಒಂದು ಆಸ್ತಿ ಇದೆ, ಅವನ ಕಸುಬು. ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಿಗೆ, ಮೀನು ಮಾರುವವನಿಗೆ, ರೈಲಿನ ಗಾರ್ಡಿಗೆ ಚಳಿ ಬೇರೆ ಬೇರೆ ಕಡೆ ಕಚ್ಚುತ್ತದೆ. 1910ರ ದಶಕದಲ್ಲಿ ಇದೇ ಕ್ಯೋಶಿ ತಮ್ಮ 'ಹೊತೊತೊಗಿಸು' ಪತ್ರಿಕೆಯಲ್ಲಿ ಹೆಂಗಸರಿಗಾಗಿ ಅಡುಗೆಮನೆಯ ಹಾಯ್ಕುಗಳ ಅಂಕಣ ತೆರೆದರು. ಅಡುಗೆಮನೆಯ ಹಾಯ್ಕು ಎಂಬುದು ಆಮೇಲೆ ಮೂದಲಿಕೆಯ ಮಾತೂ ಆಯಿತು. ಆದರೆ ಆ ಅಂಕಣದಿಂದಲೇ ಸುಗಿತಾ ಹಿಸಾಜೊ ಅವರಂಥ ದೊಡ್ಡ ಕವಯಿತ್ರಿ ಬಂದರು. ತಣ್ಣೀರಿನಲ್ಲಿ ಈರುಳ್ಳಿದಂಟು ತೊಳೆಯುವ ಕೈಗೆ ಚಳಿಗಾಲದ ಬಗ್ಗೆ ಗೊತ್ತಿರುವುದು ಸಾಯ್‌ಜಿಕಿಗೂ ಗೊತ್ತಿರಲಾರದು.

ಕನ್ನಡದಲ್ಲೂ ಹಾಯ್ಕು ಬರೆಯುವವರಿಗೆ ಬರವಿಲ್ಲ. ನಾವು ಅಕ್ಷರ ಎಣಿಸುತ್ತೇವೆ, ಜಪಾನೀಯರ ಎಣಿಕೆ ನಮ್ಮ ಮಾತ್ರೆಗೆ ಹತ್ತಿರ, ದೀರ್ಘಕ್ಕೆ ಎರಡು. ಹೀಗಾಗಿ ನಮ್ಮ ಹದಿನೇಳು ಅಕ್ಷರಗಳಲ್ಲಿ ಹೆಚ್ಚು ಸರಕು ಹಿಡಿಯುತ್ತದೆ, ಹೆಚ್ಚು ಮಾತಾಡುವ ಚಪಲವೂ ಅಂಟುತ್ತದೆ. ನನ್ನ ತಕರಾರು ಅದಲ್ಲ. ದಾವಣಗೆರೆಯಲ್ಲೋ ಕೋಲಾರದಲ್ಲೋ ಕೂತು ಹಿಮಪಾತದ ಮೇಲೆ ಬರೆಯುವುದೇಕೆ? ಮಾಗಿಯ ಚಳಿ, ಸೊಗಡವರೆ, ಧನುರ್ಮಾಸದ ನಸುಕಿನ ಹುಗ್ಗಿ, ಒಡೆದ ಹಿಮ್ಮಡಿ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ, ಇವೆಲ್ಲ ನಮ್ಮ ಸಾಯ್‌ಜಿಕಿಯಲ್ಲಿ ಇರಬೇಕಾದವು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತಿನಲ್ಲಿ ಋತುವಿನ ಕೊನೆಯ ದಿನವನ್ನೂ ಗೊತ್ತು ಮಾಡಿಟ್ಟಿದ್ದೇವೆ. ಆದರೆ ಶಿಗುರೆಯ ಹಿಂದಿರುವಂತೆ ಅವರೆಕಾಯಿಯ ಹಿಂದೆ ಮುನ್ನೂರು ವರ್ಷದ ಹಾಯ್ಕುಗಳಿಲ್ಲ. ಬಿಟ್ಟಿ ಭಾರ ಸಿಗದ ನಮ್ಮ ಹವ್ಯಾಸಿ ಮೂರು ಸಾಲಿನಲ್ಲೇ ಅದನ್ನು ದುಡಿದುಕೊಳ್ಳಬೇಕು. ಹತ್ತರಲ್ಲಿ ಒಂಬತ್ತು ಸೋಲುತ್ತವೆ. ಹಾಗೆ ಸೋತ ಅವರೆಕಾಯಿಯನ್ನು, ಗೆದ್ದ ಹಿಮಕ್ಕಿಂತ ನಾನು ಮೊದಲು ಆರಿಸುತ್ತೇನೆ.